ಪ್ರಾರ್ಥನೆಯನ್ನು ಪ್ರಯೋಗಕ್ಕೆ ಒಡ್ಡಿದರೆ ದೇವರ ಬಗ್ಗೆ ಏನಾದರೂ ಗೊತ್ತಾಗುತ್ತಾ?

ಕುತೂಹಲಿ
ದೇವರಿದ್ದಾನಾ ಇಲ್ಲವಾ ಅನ್ನೋ ಚರ್ಚೆ ಎಲ್ಲಿ ಶುರುವಾದರೂ "ಇಲ್ಲ ಅಂತ ವಿಜ್ಞಾನ ತೋರಿಸಿಲ್ಲವಲ್ಲ", "ಇದ್ದಾನೆ ಅಂತ ನೀವೂ ತೋರಿಸಿಲ್ಲವಲ್ಲ" ಅನ್ನೋದಕ್ಕೇ ಬಂದು ನಿಲ್ಲುತ್ತೆ. ಅದು ಬೇಡ. ಅಮೆರಿಕದಲ್ಲಿ ಹೃದ್ರೋಗಿಗಳಿಗಾಗಿ ಪ್ರಾರ್ಥನೆ ಮಾಡಿಸಿ ಪರೀಕ್ಷೆ ನಡೆಸಿದ್ದರಂತೆ. ಫಲ ಸಿಕ್ಕಿತು ಅಂತ ಕೆಲವರು, ಸಿಗಲಿಲ್ಲ ಅಂತ ಕೆಲವರು ಹೇಳ್ತಾರೆ. ಅದನ್ನು ಹೇಗೆ ಮಾಡಿದರು, ಅದರಿಂದ ಏನು ಹೇಳಬಹುದು?

ಅಂಕಿಅಂಶ
ಇಬ್ಬರೂ ಬೇರೆ ಬೇರೆ ಪ್ರಯೋಗ ಹಿಡ್ಕೊಂಡಿದ್ದಾರೆ. "ಸಿಕ್ಕಿತು" ಅನ್ನೋರ ಆಧಾರ 1988ರಲ್ಲಿ ಪ್ರಕಟವಾದ ರ‍್ಯಾಂಡಾಲ್ಫ್ ಬೈರ್ಡ್ ಅವರ ಅಧ್ಯಯನ: ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯೊಂದರ ಹೃದಯ ಘಟಕ, 393 ರೋಗಿಗಳು. ಅದರಲ್ಲಿ ಹಲವಾರು ತೊಂದರೆಗಳನ್ನು ಲೆಕ್ಕ ಹಾಕಿ, ಪ್ರಾರ್ಥನೆ ಇದ್ದ, ಇಲ್ಲದ ಗುಂಪುಗಳ ನಡುವೆ ಆರರಲ್ಲಿ ಮಾತ್ರ ವ್ಯತ್ಯಾಸ ಕಂಡರು. ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಅದು ಫಲ ಅಂತ ಮಿತಿ ಇಟ್ಟುಕೊಂಡು ಇಪ್ಪತ್ತು ಸಂಗತಿ ಅಳೆದರೆ ಸರಾಸರಿ ಒಂದು ಬರೀ ಆಕಸ್ಮಿಕವಾಗಿಯೇ "ಫಲ" ಅಂತ ಕಾಣುತ್ತೆ. ಒಂದು ತೊಂದರೆಯಿಂದ ಇನ್ನೊಂದು ಬರುವಂಥದ್ದಾದರೆ ಹಾಗೆ ಕಾಣುವವು ಗುಂಪಾಗಿಯೇ ಬರಬಹುದು. ಯಾವುದನ್ನು ಮುಖ್ಯ ಅಂತ ತಗೋತೀವಿ ಅನ್ನೋದನ್ನು ಮೊದಲೇ ಬರೆದಿಡಬೇಕು ಅನ್ನೋದು ಇದಕ್ಕೇ.

"ಸಿಗಲಿಲ್ಲ" ಅನ್ನೋರ ಆಧಾರ 2006ರದ್ದು, ಹಾರ್ವರ್ಡ್‌ನ ಹರ್ಬರ್ಟ್ ಬೆನ್ಸನ್ ತಂಡದ್ದು. ಆರು ಆಸ್ಪತ್ರೆ, ಬೈಪಾಸ್ ಮಾಡಿಸಿಕೊಂಡ 1802 ಜನ, ಮೂರು ಗುಂಪು. ಮೊದಲ ಎರಡು ಗುಂಪಿಗೆ "ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು" ಅಂದಿದ್ದರು. ನಿಜಕ್ಕೂ ಪ್ರಾರ್ಥಿಸಿದ್ದು ಅದರಲ್ಲಿ ಒಂದಕ್ಕೆ ಮಾತ್ರ. ಮೂರನೆಯದಕ್ಕೆ ಪ್ರಾರ್ಥನೆ ಖಂಡಿತ ನಡೆಯುತ್ತೆ ಅಂತ ತಿಳಿಸಿದ್ದರು. ಪ್ರಾರ್ಥಿಸುವವರು ಮೂರು ಕ್ರೈಸ್ತ ಸಮುದಾಯದವರು. ಅವರ ಕೈಗೆ ಕೊಟ್ಟದ್ದು ರೋಗಿಯ ಹೆಸರು ಮತ್ತು ಮನೆತನದ ಹೆಸರಿನ ಮೊದಲಕ್ಷರ, ಅಷ್ಟೇ. ಆಪರೇಷನ್ನಿನ ಹಿಂದಿನ ರಾತ್ರಿಯಿಂದ 14 ದಿನ ಪ್ರಾರ್ಥನೆ. 30 ದಿನದೊಳಗೆ ಏನಾದರೂ ತೊಂದರೆ ಆದವರು: ಪ್ರಾರ್ಥನೆ ಇದ್ದ ಗುಂಪಿನಲ್ಲಿ ಶೇ. 52, ಇಲ್ಲದ್ದರಲ್ಲಿ ಶೇ. 51, ಖಂಡಿತ ಇದೆ ಅಂತ ಗೊತ್ತಿದ್ದವರಲ್ಲಿ ಶೇ. 59.

ಕೊನೆಯ ಅಂಕಿ ಹಿಡ್ಕೊಂಡು "ಪ್ರಾರ್ಥನೆಯಿಂದ ಕೆಡುಕಾಯ್ತು" ಅನ್ನೋರೂ ಇದ್ದಾರೆ. ಅದೂ ಅವಸರದ ಮಾತೇ. ಹೆಚ್ಚಾದದ್ದು ಬಹುಪಾಲು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಬಡಿತದ ಲಯ ತಪ್ಪೋದು. "ನನಗಾಗಿ ಪ್ರಾರ್ಥನೆ ಮಾಡಿಸೋವಷ್ಟು ಕೆಟ್ಟಿದೆಯಾ" ಅನ್ನೋ ಆತಂಕದಿಂದ ಇರಬಹುದು, ಆಕಸ್ಮಿಕವೂ ಇರಬಹುದು. ಇನ್ನೊಂದು: ಗುಂಪಿಗೆ ಸುಮಾರು 600 ಜನ ಇದ್ದಾಗ 52ಕ್ಕೂ 51ಕ್ಕೂ ನಡುವಿನ ವ್ಯತ್ಯಾಸದಲ್ಲಿ ಶೇಕಡಾ ಆರು ಅಂಶದಷ್ಟು ಆಚೀಚೆ ಅನಿಶ್ಚಿತತೆ ಇರುತ್ತೆ. ಮೂರ್ನಾಲ್ಕು ಅಂಶದ ಸಣ್ಣ ಪರಿಣಾಮ ಇದ್ದರೂ ಈ ಪ್ರಯೋಗದ ಕಣ್ಣಿಗೆ ಬೀಳಲ್ಲ.

ಗುಣಾಕಾರ
ದೊಡ್ಡ ತೊಡಕು ಬೇರೆ ಇದೆ. ಪ್ರಾರ್ಥನೆ "ಇಲ್ಲದ" ಗುಂಪು ಅನ್ನೋದೇ ಇಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಕೂತ ಹೆಂಡತಿ ಮಕ್ಕಳನ್ನು ಸುಮ್ಮನಿರಿ ಅನ್ನೋಕಾಗುತ್ತಾ? ಅಳೆದದ್ದು ಅಪರಿಚಿತರ ಹೆಚ್ಚುವರಿ ಪ್ರಾರ್ಥನೆಯನ್ನು ಮಾತ್ರ. ಔಷಧಿಯ ಪ್ರಯೋಗದಲ್ಲಿ ಎರಡೂ ಗುಂಪಿನವರು ಮನೆಯಿಂದ ಅದೇ ಮಾತ್ರೆ ತಂದು ನುಂಗುತ್ತಿದ್ದರೆ ಯಾರೂ ಆ ಫಲಿತಾಂಶ ಒಪ್ಪಲ್ಲ.

ವೈದ್ಯ ಲೈಬೊವಿಚಿ ಅವರ 2001ರ ಪ್ರಬಂಧವನ್ನೂ ನೋಡಿ. 1990ರಿಂದ 96ರವರೆಗೆ ಇಸ್ರೇಲಿನ ಆಸ್ಪತ್ರೆಯೊಂದರಲ್ಲಿ ರಕ್ತದ ಸೋಂಕು ಪತ್ತೆಯಾಗಿದ್ದ 3393 ಜನರನ್ನು 2000ನೇ ಇಸವಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗ ಪ್ರಾರ್ಥನೆ ಮಾಡಿಸಿದರು. ಹೌದು, ರೋಗಿಗಳು ಗುಣವಾಗಿಯೋ ಸತ್ತೋ ವರ್ಷಗಳಾದ ಮೇಲೆ! ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಆದರೆ ಜ್ವರದ ಅವಧಿ, ಆಸ್ಪತ್ರೆ ವಾಸ ಎರಡೂ "ಕಡಿಮೆ". ತಮಾಷೆಯ ಧಾಟಿಯ ಪ್ರಬಂಧಗಳಿಗೆ ಹೆಸರಾದ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಕ್ರಿಸ್‌ಮಸ್ ಸಂಚಿಕೆಯಲ್ಲಿ ಬಂದದ್ದು. ನಂಬಲು ಯಾವ ಕಾರಣವೂ ಇಲ್ಲದ ಊಹೆಯನ್ನು ಹೀಗೆ ಪರೀಕ್ಷಿಸಿದರೆ ಅಂಕಿ ಎಂಥ ಆಟ ಆಡುತ್ತೆ ಅನ್ನೋದಕ್ಕೆ ಅದನ್ನು ಓದಬೇಕು. ಅದನ್ನೇ ಪುರಾವೆ ಅಂತ ಗಂಭೀರವಾಗಿ ಉಲ್ಲೇಖಿಸಿದವರಿದ್ದಾರೆ.

ಪೂರ್ವಪಕ್ಷ
ಆಸ್ತಿಕರೆಲ್ಲ ಈ ಪ್ರಯೋಗಗಳಿಗಾಗಿ ಕಾದು ಕುಳಿತಿದ್ದಾರೆ ಎಂದುಕೊಳ್ಳಬೇಡಿ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃ ಇರಲೇಬೇಕು ಎಂದು ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ವಾದಿಸಿದವರು ನ್ಯಾಯ ದರ್ಶನದ ನೈಯಾಯಿಕರು. ಅದನ್ನು ಕೆಡವಿದವರಲ್ಲಿ ರಾಮಾನುಜರೇ ಇದ್ದಾರೆ: ಕುಂಬಾರನಿಗೆ ಮೈಯಿದೆ, ಕುಂಬಾರರು ಹಲವರಿದ್ದಾರೆ, ಆ ಹೋಲಿಕೆಯಿಂದ ಅಶರೀರಿಯಾದ ಒಬ್ಬನೇ ಈಶ್ವರ ಸಿದ್ಧಿಸುವುದಿಲ್ಲ. ಮಧ್ವರ ಪ್ರಕಾರವೂ ನಾರಾಯಣ ಸದಾಗಮದಿಂದಷ್ಟೇ, ಅಂದರೆ ವೇದಾದಿ ಶಾಸ್ತ್ರಗಳಿಂದಷ್ಟೇ, ತಿಳಿಯತಕ್ಕವನು. ಆಗಮವನ್ನು ಒಪ್ಪುವುದು ಬಿಡುವುದು ಬೇರೆ ಜಗಳ. ಬೆನ್ಸನ್ ಅವರ ಶೇ. 51, 52ರಿಂದ ಈ ಪಕ್ಷಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕುತೂಹಲಿ
ಹಾಗಾದರೆ ವಿಜ್ಞಾನ ಏನನ್ನೂ ಪರೀಕ್ಷಿಸೋಕಾಗಲ್ಲ ಅಂತಲಾ?

ಅಂಕಿಅಂಶ
ಹಾಗಲ್ಲ. ಕಣ್ಣೆದುರು ಇಂಥದ್ದು ಆಗುತ್ತೆ ಅಂದ ತಕ್ಷಣ ಪರೀಕ್ಷೆಗೆ ಸಿಕ್ಕಿತು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದನಲ್ಲ, ಅದನ್ನು ಮನೆಯಲ್ಲೇ ನೋಡಬಹುದು. ಲೋಹದ ಅಥವಾ ನುಣುಪು ಕಲ್ಲಿನ ವಿಗ್ರಹ ತಗೊಳ್ಳಿ. ಸುಡದ ಮಣ್ಣಿನದ್ದು ನಿಜಕ್ಕೂ ಹೀರುತ್ತೆ, ಲೆಕ್ಕ ಕೆಡುತ್ತೆ. ವಿಗ್ರಹವನ್ನು ಒದ್ದೆ ಮಾಡಿ, ತಟ್ಟೆಯಲ್ಲಿಟ್ಟು, ಎರಡನ್ನೂ ಸೇರಿಸಿ ತೂಗಿ. ಹಾಲಿಗೆ ಕುಂಕುಮ ಕಲಸಿ. 5 ಮಿಲಿಲೀಟರಿನ ಚಮಚ ತುಂಬಿಸಿ, ಉಬ್ಬಿದ ಹಾಲಿನ ಮೈ ಮಾತ್ರ ಸೊಂಡಿಲಿಗೆ ತಾಗುವಂತೆ ಹಿಡಿದು, ಚೂರು ಬಾಗಿಸಿ. ಮೇಲ್ಮೈ ಎಳೆತಕ್ಕೆ ಹಾಲು ಕಲ್ಲಿಗೆ ಅಂಟಿಕೊಂಡು ತೆಳು ಪದರವಾಗಿ ಕೆಳಗಿಳಿಯುತ್ತೆ. ಬಿಳಿ ಅಮೃತಶಿಲೆ ಮೇಲೆ ಬಿಳಿ ಹಾಲು ಕಾಣಲ್ಲ. ಕೆಂಪಾದರೆ ದಾರಿ ಪೂರ್ತಿ ಕಾಣುತ್ತೆ. ಇಪ್ಪತ್ತು ಚಮಚ ಆದಮೇಲೆ ವಿಗ್ರಹ ಎತ್ತಿ ತಟ್ಟೆಯ ಹಾಲನ್ನು ಅಳೆಯಿರಿ. 100 ಮಿಲಿಲೀಟರಿಗೆ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಉಳಿದದ್ದು ವಿಗ್ರಹದ ಮೈಗೆ, ಚಮಚಕ್ಕೆ ಮೆತ್ತಿರುತ್ತೆ. ವಿಗ್ರಹ, ತಟ್ಟೆ, ಹಾಲು ಎಲ್ಲ ಸೇರಿಸಿ ಮತ್ತೆ ತೂಗಿ ಮೊದಲಿನ ತೂಕ ಕಳೆದರೆ ಲೆಕ್ಕ ಕೂಡುತ್ತೆ.