ವಿ-ಕ್ರಾಸ್ ಟಯರ್ ಬದಲಿಸಬೇಕು: ಕೆಸರಲ್ಲಿ ಜಾರುತ್ತೆ, ನೈಸ್ ರೋಡಲ್ಲಿ ಗುಂಯ್ ಅನ್ನುತ್ತೆ

ಎರಡೆಕರೆ:
ಎಲ್ಲರಿಗೂ ನಮಸ್ಕಾರ. ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, ಸೆಕೆಂಡ್ ಹ್ಯಾಂಡ್. ಟಯರ್ ಸೈಜು 245/70 ಆರ್16. ಮನೆ ಉತ್ತರಹಳ್ಳಿ, ತೋಟ ಸಾತನೂರಿನ ಆಚೆ. ವಾರಕ್ಕೊಮ್ಮೆ ಹೋಗಿ ಬರುತ್ತೇನೆ, ಹೆಚ್ಚು ಕಡಿಮೆ 130 ಕಿ.ಮೀ. ಅದರಲ್ಲಿ ಕೊನೆಯ 3 ಕಿ.ಮೀ. ಮಾತ್ರ ಮಣ್ಣಿನ ದಾರಿ. ಮಿಕ್ಕ ದಿನ ಗಾಡಿ ಊರೊಳಗೇ ಓಡುತ್ತೆ.

ತೊಂದರೆ ಮೂರು. ಮಳೆ ಬಿದ್ದರೆ ತೋಟದ ಏರಿನಲ್ಲಿ ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತೆ. ಹೋದ ವಾರ ಚರಂಡಿಗೆ ಇಳಿದಿದ್ದೆ, ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಿತು. ಎರಡನೆಯದು, ನೈಸ್ ರೋಡಲ್ಲಿ 80 ದಾಟಿದರೆ ಗುಂಯ್ ಅಂತ ಸದ್ದು. ಮೂರನೆಯದು, ಮುಂದಿನ ಎಡ ಟಯರ್ ಒಳಅಂಚು ಪೂರ್ತಿ ಬೋಳಾಗಿದೆ.

ಟಯರ್ ಅಂಗಡಿಯವರು 265/75 ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ ಟಯರ್) ಹಾಕಿಸಿ, ಎಲ್ಲ ಸರಿಹೋಗುತ್ತೆ ಅಂದರು. ನೋಡೋಕೂ ಚೆನ್ನಾಗಿರುತ್ತೆ ಅಂತ ಮನಸ್ಸು ಆ ಕಡೆ ವಾಲಿದೆ. ಹಾಕಿಸಲಾ?

ಕೆಸರಿನಾಟ:
ಎರಡನೇ ಯೋಚನೆ ಬೇಡ, ಮಡ್ ಟೆರೇನ್ ಹಾಕಿಸಿ. ಒಂದ್ಸಲ ಹಾಕಿದವರು ವಾಪಸ್ ಬರಲ್ಲ.

ಗ್ರೀಸ್‌ಕೈ:
ವಾಪಸ್ ಬಂದವನು ನಾನಿದ್ದೇನೆ, ಆ ಕಥೆ ಆಮೇಲೆ. ಎರಡೆಕರೆ ಅವರೇ, ದುಡ್ಡು ಜೇಬಲ್ಲೇ ಇರಲಿ. ಹಳೇ ಟಯರ್ ಏನು ಹೇಳುತ್ತೆ ಅಂತ ಮೊದಲು ಕೇಳೋಣ.

ಮುಂದಿನ ಟಯರ್ ಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಸವರಿದರೆ ಗರಗಸದ ಹಾಗೆ ಚುಚ್ಚುತ್ತಾ? ಅಥವಾ ಅಲ್ಲಲ್ಲಿ ಹಳ್ಳ ಬಿದ್ದಿದೆಯಾ? ಹಿಂದಿನ ಟಯರ್‌ಗಳಲ್ಲಿ ನಡುಭಾಗ ಜಾಸ್ತಿ ಸವೆದಿದೆಯಾ, ಅಂಚುಗಳಾ? ಗಾಳಿ ಎಷ್ಟು ಹಿಡಿಸುತ್ತೀರಿ? ಟಯರ್ ಪಕ್ಕದಲ್ಲಿ ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ, ಅದೇನು? ಸ್ಟೆಪ್ನಿಯದನ್ನೂ ನೋಡಿ.

ಇನ್ನೊಂದು. ಚರಂಡಿಗೆ ಇಳಿದಾಗ ಗಾಡಿ ಟೂ ವೀಲಲ್ಲಿತ್ತಾ, ಫೋರ್ ವೀಲಲ್ಲಿತ್ತಾ? ಅಂದರೆ ಎಂಜಿನ್ ಹಿಂದಿನ ಎರಡೇ ಚಕ್ರ ತಿರುಗಿಸುತ್ತಿತ್ತಾ, ನಾಲ್ಕನ್ನೂನಾ?

ಎರಡೆಕರೆ:
ನೋಡಿಕೊಂಡು ಬಂದೆ. ಮುಂದಿನ ಟಯರ್ ಗರಗಸವೇ. ಹಿಂದಿನ ಎರಡೂ ನಡುವೆ ಸವೆದಿವೆ, ಅಂಚಿನ ಬಟನ್ (ರಬ್ಬರ್ ಉಬ್ಬುಗಳು) ಇನ್ನೂ ಚೆನ್ನಾಗಿದೆ. ಗಾಳಿ ನಾಲ್ಕಕ್ಕೂ 40, ಲೋಡ್ ಗಾಡಿ ಅಲ್ವಾ ಅಂತ ಬಂಕಿನ ಹುಡುಗ ಹಾಕುತ್ತಾನೆ. ಅಂಕಿ ಮುಂದಿನವಕ್ಕೆ 1719, ಹಿಂದಿನವಕ್ಕೆ 4120. ಸ್ಟೆಪ್ನಿ 0817, ಒಮ್ಮೆಯೂ ನೆಲ ಮುಟ್ಟಿದ ಹಾಗಿಲ್ಲ.

ಟೂ ವೀಲಲ್ಲೇ ಇತ್ತು. ಫೋರ್ ಹಾಕಿದರೆ ಡೀಸಲ್ ಜಾಸ್ತಿ ಕುಡಿಯುತ್ತೆ ಅಂತ ಹಾಕೋದೇ ಇಲ್ಲ. ನಗಬೇಡಿ.

ಗ್ರೀಸ್‌ಕೈ:
ನಕ್ಕೆ, ಕ್ಷಮಿಸಿ. ಟ್ರ್ಯಾಕ್ಟರ್ ಕುಡಿದ ಡೀಸಲ್ ಲೆಕ್ಕ ಹಾಕಿದ್ದೀರಾ?

ನಿಮ್ಮ ಮೂರು ತೊಂದರೆಗೆ ಕಾರಣ ಒಂದೇ ಅಲ್ಲ. ಎಲ್ಲವನ್ನೂ ಹೊಸ ಟಯರ್ ತಲೆಗೆ ಕಟ್ಟಿದರೆ ಅದೂ ಹೀಗೇ ಹಾಳಾಗುತ್ತೆ.

ಗರಗಸದ ಸವೆತ ಅಂದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ವಾಲಿ ನಿಂತಿರುವ ಅಳತೆ, ಕೆಟ್ಟಿದೆ. ಚಕ್ರ ನೇರ ಉರುಳದೆ ರಸ್ತೆಗೆ ಉಜ್ಜಿಕೊಂಡು ಹೋಗುತ್ತಿದೆ. ಆದರೆ ಒಂದೇ ಟಯರಿನ ಒಳಅಂಚು ಇಷ್ಟು ಹೋಗಿದ್ದರೆ ಬರೀ ಅಲೈನ್‌ಮೆಂಟ್ ಮಾಡಿಸಿ ಸುಮ್ನಾಗಬೇಡಿ. ಜ್ಯಾಕ್ ಹಾಕಿ ಚಕ್ರ ಎತ್ತಿಸಿ. ಎಡಬಲ ಹಿಡಿದು ಅಲ್ಲಾಡಿಸಿದಾಗ ಲೂಸ್ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳು ಚಕ್ರಕ್ಕೆ ಸೇರುವ ಕೀಲು), ಮೇಲೆ ಕೆಳಗೆ ಲೂಸ್ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಮೇಲೆ ಅನುಮಾನ. ಆ ಭಾಗ ಬದಲಿಸಿದ ಮೇಲೆ ಅಲೈನ್‌ಮೆಂಟ್. ಉಲ್ಟಾ ಮಾಡಿದರೆ ದುಡ್ಡು ದಂಡ.

ಗುಂಯ್ ಸದ್ದು ಬಹುಶಃ ಇದೇ ಗರಗಸದ್ದು. ಬೇರಿಂಗ್ ಸದ್ದೂ ಹೀಗೇ ಇರುತ್ತೆ, ಹಾಗಾಗಿ ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಿದಾಗ ಸದ್ದು ಏರಿಳಿದರೆ ಬೇರಿಂಗ್. ಕಾಂಕ್ರೀಟಿಂದ ಟಾರಿಗೆ ಬಂದಾಗ ಸದ್ದು ಬದಲಾದರೆ ಟಯರ್.

ಇನ್ನು ಗಾಳಿ. ಪಿಕಪ್ಪಿನ ಹಿಂಭಾಗ ಖಾಲಿ ಇದ್ದಾಗ ಬಲು ಹಗುರ. 40 ಹಾಕಿದರೆ ಟಯರ್ ಬಲೂನಿನ ಹಾಗೆ ಉಬ್ಬಿ, ನಡುಭಾಗ ಮಾತ್ರ ನೆಲಕ್ಕೆ ತಾಗುತ್ತೆ. ಅಲ್ಲೇ ಸವೆಯುತ್ತೆ, ಕೆಸರಲ್ಲಿ ಹಿಡಿತವೂ ಸಿಗಲ್ಲ. ಎಷ್ಟು ಹಾಕಬೇಕು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕರಲ್ಲಿದೆ, ಖಾಲಿಗೊಂದು, ಲೋಡಿಗೊಂದು. ಬೆಳಿಗ್ಗೆ ಟಯರ್ ತಣ್ಣಗಿದ್ದಾಗ ನೋಡಿ.

ಅಂಕಿಯ ಅರ್ಥ: 1719 ಅಂದರೆ 2019ರ 17ನೇ ವಾರ. ಸ್ಟೆಪ್ನಿ ನಿಮ್ಮ ಗಾಡಿಯಷ್ಟೇ ಹಳೇದು. ಬಟನ್ ಹೊಸದರ ಹಾಗಿದ್ದರೂ ಅದನ್ನು ನಂಬಿ ಹೈವೇ ಓಡಿಸಬೇಡಿ.

ಕೆಸರಿನಾಟ:
ಎಲ್ಲ ಸರಿ ಗುರುಗಳೇ, ಆದರೆ ಟಯರ್ ಯಾವುದು ಅಂತ ಹೇಳಲೇ ಇಲ್ಲ.

ಶಿರಾಡಿಮಳೆ:
ನಾನು ಹೇಳುತ್ತೇನೆ, ಆಲ್ ಟೆರೇನ್, ಅಂದರೆ ಟಾರು ಮಣ್ಣು ಎರಡಕ್ಕೂ ಆಗುವ ಟಯರ್. ಅವರ 130 ಕಿ.ಮೀ.ನಲ್ಲಿ 124 ಟಾರು. ಆರು ಕಿ.ಮೀ. ಮಣ್ಣಿಗೋಸ್ಕರ ಇಡೀ ವಾರ ಮಡ್ ಟಯರ್ ಸದ್ದು ಕೇಳಬೇಕಾ? ಸದ್ದಾದರೂ ಹೋಗಲಿ, ಅದರ ಬಟನ್‌ಗಳ ನಡುವೆ ದೊಡ್ಡ ಸಂದು, ರಬ್ಬರ್ ನೆಲ ಮುಟ್ಟುವುದೇ ಕಡಿಮೆ. ಒದ್ದೆ ಟಾರಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲೋಕೆ ದೂರ ಜಾಸ್ತಿ ಬೇಕು. ನಾನು ಶಿರಾಡಿ ಘಾಟಲ್ಲಿ ಮಳೆಗಾಲದಲ್ಲಿ ಒಂದು ಲಾರಿಯ ಹಿಂದೆ ಹೋಗಿ ನಿಂತಿದ್ದು ಅಂಗೈ ಅಗಲದ ಜಾಗ ಬಿಟ್ಟು. ಮನೆಗೆ ಬಂದ ತಿಂಗಳಲ್ಲೇ ಮಡ್ ಟಯರ್ ಮಾರಿದೆ.

ಗ್ರೀಸ್‌ಕೈ:
ನನ್ನ ಕಥೆಯೂ ಇದೇ, ಲಾರಿ ಬದಲು ಬಿಎಂಟಿಸಿ ಬಸ್ಸು.

ಗದಗಿನವ:
ಮಡ್ ಟಯರ್‌ಗೆ ಅಷ್ಟೊಂದು ಬೈಯಬೇಡ್ರಿ. ನಮ್ಮ ಕಡೆ ಎರೆ ಮಣ್ಣು. ಮಳೆಯಾದರೆ ಆಲ್ ಟೆರೇನ್ ಸಂದಿಯೆಲ್ಲ ತುಂಬಿ, ನಾಲ್ಕು ಸುತ್ತಿಗೆ ಟಯರ್ ನುಣ್ಣಗೆ ರೊಟ್ಟಿಯಾಗುತ್ತೆ. ಅಗಲ ಸಂದಿ ಇದ್ದರೆ ಉರುಳುವಾಗ ಮಣ್ಣು ಸಿಡಿದು ಹೋಗುತ್ತೆ. ಅದಕ್ಕೇ ಇರೋದು ಅದು. ಸಾತನೂರು ಕಡೆ ಕೆಂಪು ಮಣ್ಣು, ಕಲ್ಲು. ಅಲ್ಲಿಗೆ ಆಲ್ ಟೆರೇನ್ ಸಾಕು ಅನ್ನೋದು ನನಗೂ ಒಪ್ಪಿಗೆ.

ಎರಡೆಕರೆ:
ಆಯ್ತು, ಆಲ್ ಟೆರೇನ್. ಸೈಜು? 265/75 ಬೇಡವಾ?

ಗ್ರೀಸ್‌ಕೈ:
ಲೆಕ್ಕ ಹಾಕಿ. 245/70 ಆರ್16 ಟಯರಿನ ಎತ್ತರ ಸುಮಾರು 749 ಮಿ.ಮೀ. 265/75 ಹಾಕಿದರೆ 804. ಗಾಡಿ ಏರುವುದು ಅದರ ಅರ್ಧ, 27 ಮಿ.ಮೀ. ಅಷ್ಟೆ. ಆದರೆ ಸ್ಪೀಡೋಮೀಟರ್ ಮುಳ್ಳು 80 ಸರಿಯಾಗಿ ತೋರಿಸುತ್ತಿದ್ದರೆ, ಇನ್ನು ಮುಂದೆ ಅದು 80 ಅಂದಾಗ ನೀವು 86ರಲ್ಲಿರುತ್ತೀರಿ. ಎಳೆತ ಮಂದ, ಬ್ರೇಕಿಗೆ ಭಾರ, ಮೈಲೇಜೂ ಇಳಿಯುತ್ತೆ. ಲಿಫ್ಟ್ ಮಾಡಿಸದೆ (ಸಸ್ಪೆನ್ಷನ್ ಎತ್ತರಿಸದೆ) ಹಾಕಿದರೆ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುವ ಸಂಭವವೂ ಇದೆ. 265/70 ಆದರೆ 777, ಅದನ್ನು ಎಷ್ಟೋ ಜನ ಹಾಕಿಸಿದ್ದಾರೆ. ನಾನಾದರೆ ಕಂಪನಿ ಸೈಜೇ. ಗೊಬ್ಬರದ ಮೂಟೆ ಸಾಗಿಸುವವರಿಗೆ ದಪ್ಪ ಟಯರಿನ ಜಂಬ ಯಾಕೆ?

ಸೈಜಿನ ಪಕ್ಕದ ಅಂಕಿಯನ್ನೂ ನೋಡಿ. ಅದು ಲೋಡ್ ಇಂಡೆಕ್ಸ್. 111 ಅಂದರೆ ಒಂದು ಟಯರ್ 1090 ಕೆಜಿ ಹೊರಬಲ್ಲದು. ಈಗಿರುವುದಕ್ಕಿಂತ ಕಡಿಮೆಯದು ಹಾಕಿಸಲೇಬೇಡಿ. ಎಲ್‌ಟಿ (ಲೈಟ್ ಟ್ರಕ್) ಅಂತ ಬರೆದದ್ದೂ ಸಿಗುತ್ತೆ. ಅದರ ಪಕ್ಕದ ಗೋಡೆ ಗಟ್ಟಿ, ಕಲ್ಲಿಗೆ ಬೇಗ ಹರಿಯಲ್ಲ. ಆದರೆ ಖಾಲಿ ಗಾಡಿ ಎತ್ತಿನಗಾಡಿ ಥರ ಕುಲುಕುತ್ತೆ, ಅದೇ ಭಾರ ಹೊರೋಕೆ ಗಾಳಿಯೂ ಜಾಸ್ತಿ ಬೇಕು. ಸ್ಟಿಕರ್ ಲೆಕ್ಕ ಅದಕ್ಕೆ ನಡೆಯಲ್ಲ.

ಬ್ರ್ಯಾಂಡ್ ವಿಷಯಕ್ಕೆ ಜಗಳ ಬೇಡ. ಅಪೊಲೊ ಆಪ್ಟೆರಾ ಎಟಿ2, ಯೋಕೊಹಾಮಾ ಜಿಯೋಲ್ಯಾಂಡರ್ ಎಟಿ, ಎರಡನ್ನೂ ಓಡಿಸಿದ್ದೇನೆ, ಎರಡೂ ನಡೆಯುತ್ತೆ. 2020ರ ಜೂನಲ್ಲಿ ಆಮದಿಗೆ ಲೈಸೆನ್ಸ್ ಬೇಕು ಅಂತಾದ ಮೇಲೆ ಹೊರಗಿನ ಟಯರ್ ಸಿಗುವುದು ತಡವಾಗುತ್ತಿತ್ತು. ಹಾಗಾಗಿ ಹರಿದರೆ ಅದೇ ಮಾದರಿ ಒಂದು ತಕ್ಷಣ ಸಿಗುತ್ತಾ ಅಂತ ಕೇಳಿಕೊಂಡು ತಗೊಳ್ಳಿ. ಜೆಸಿ ರೋಡಲ್ಲಿ ನಾಲ್ಕು ಅಂಗಡಿ ವಿಚಾರಿಸಿ. ತಯಾರಾದ ವಾರ ನೋಡದೆ ದುಡ್ಡು ಕೊಡಬೇಡಿ. ನನಗೆ ಒಬ್ಬರು ಮೂರು ವರ್ಷದ ಹಳೇ ಸ್ಟಾಕನ್ನು ಪಾಲಿಶ್ ಹೊಡೆದು ಕೊಡೋಕೆ ನೋಡಿದ್ದರು.

ಐದೂ ಒಟ್ಟಿಗೇ ತಗೊಂಡು ಸ್ಟೆಪ್ನಿಯನ್ನೂ ಸೇರಿಸಿ 8–10 ಸಾವಿರ ಕಿ.ಮೀ.ಗೊಮ್ಮೆ ತಿರುಗಿಸಿ. ಫೋರ್ ವೀಲ್ ಗಾಡಿಗೆ ಹಿಂದೆ ಮುಂದೆ ಬೇರೆ ಬೇರೆ ಎತ್ತರದ ಟಯರ್ ಇರಬಾರದು, ಒಳಗಿನ ಗಿಯರ್‌ಗಳು ಒಂದಕ್ಕೊಂದು ಎಳೆದಾಡುತ್ತವೆ. ಒಣ ಟಾರಲ್ಲಿ ಫೋರ್ ಹಾಕಬಾರದು ಅನ್ನೋದೂ ಅದಕ್ಕೇ. ಕೆಸರಲ್ಲಿ ಹಾಕಿ ಮಾರಾಯ್ರೇ.

ಎರಡೆಕರೆ:
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಡಗಡೆ ಟೈ ರಾಡ್ ಎಂಡ್ ಲಟಲಟ ಅನ್ನುತ್ತಿತ್ತು. ಬದಲಿಸಿ ಅಲೈನ್‌ಮೆಂಟ್ ಮಾಡಿಸಿದೆ.

ಹೊಸ ಟಯರ್ ಕೊಳ್ಳುವ ಮುಂಚೆ ಒಂದು ಆಟ ಆಡಿದೆ. ಹಳೇ ಟಯರಲ್ಲೇ ತೋಟಕ್ಕೆ ಹೋಗಿ, ಮಣ್ಣಿನ ದಾರಿ ಶುರುವಾಗುವಲ್ಲಿ ಗಾಳಿ 22ಕ್ಕೆ ಇಳಿಸಿ, ಫೋರ್ ಎಚ್ (ಫೋರ್ ವೀಲಿನ ಹೈ ಗಿಯರ್) ಹಾಕಿ ಹತ್ತಿಸಿದೆ. ರಾತ್ರಿ ಮಳೆಯಾಗಿತ್ತು. ಚರಂಡಿಗೆ ಇಳಿದ ಜಾಗ ದಾಟಿ ತೋಟದ ಗೇಟಿನವರೆಗೆ ಹೋದೆ! ಅರ್ಧ ಬೋಳು ಟಯರಲ್ಲಿ! ನನ್ನ ಹೆಂಡತಿ ಕೇಳಿದಳು, ಹಾಗಾದರೆ ಹೊಸ ಟಯರ್ ಯಾಕೆ ಅಂತ. ಎಡ ಟಯರ್ ಒಳಅಂಚು ತೋರಿಸಿದೆ, ಸುಮ್ಮನಾದಳು.

ಈಗ ಐದು ಹೊಸ ಆಲ್ ಟೆರೇನ್, 245/70 ಆರ್16. ಸದ್ದು ಹಳೇದಕ್ಕಿಂತ ಎಷ್ಟೋ ಕಡಿಮೆ, ಪೂರ್ತಿ ಹೋಗಿಲ್ಲ. ಹುಣಸೇಮರದ ತಿರುವಲ್ಲಿ ಇನ್ನೂ ಸ್ವಲ್ಪ ಜಾರುತ್ತೆ. 12 ವೋಲ್ಟಿನ ಕಂಪ್ರೆಸರ್ ತಗೊಂಡಿದ್ದೇನೆ, ವಾಪಸ್ ಬರುವಾಗ ಟಾರು ಹತ್ತುವ ಮುಂಚೆ ಗಾಳಿ ತುಂಬಿಸುತ್ತೇನೆ. ನಾಲ್ಕಕ್ಕೂ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಒಂದು ಎಳನೀರು.

ಶಿರಾಡಿಮಳೆ:
ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್ ಮತ್ತೆ ಬಿಗಿ ಮಾಡಿಸಿದ್ರಾ? ಮೂಟೆ ತುಂಬಿದ ದಿನ 22ಕ್ಕೆ ಇಳಿಸಬೇಡಿ, ಟಯರ್ ಗೋಡೆ ಮಡಚಿಕೊಂಡು ಹಾಳಾಗುತ್ತೆ.

ಎರಡೆಕರೆ:
ನಟ್ ಮಾಡಿಸಿಲ್ಲ, ನಾಳೆನೇ ಮಾಡಿಸುತ್ತೇನೆ. ಹಳೇ ಟಯರ್ ಐದೂ ಮನೆಗೆ ತಂದಿದ್ದೇನೆ, ತಾರಸಿ ಮೇಲಿವೆ. ಏನು ಮಾಡಲಿ?

ಗ್ರೀಸ್‌ಕೈ:
ಇವತ್ತೇ ಅಂಗಡಿಗೆ ವಾಪಸ್ ಕೊಡಿ. ಒಂದು ಮಳೆ ಬಿದ್ದು ನೀರು ನಿಂತರೆ ಇಡೀ ಬೀದಿಗೆ ಡೆಂಗಿ ಸೊಳ್ಳೆ ಸಾಕಿದ ಪುಣ್ಯ ನಿಮ್ಮದು.