ಡಚ್ ಕಡಲಚಿತ್ರಗಳಲ್ಲಿ ಬಂಡೆಗಳು ಎಲ್ಲಿಂದ ಬಂದವು?

ಪ್ರಶ್ನೆ

17ನೇ ಶತಮಾನದ ಮೊದಲ ದಶಕಗಳ ಡಚ್ ಕಡಲಚಿತ್ರಗಳ ಪ್ರತಿಗಳನ್ನು ಕೆಲವು ತಿಂಗಳಿಂದ ನೋಡುತ್ತಿದ್ದೇನೆ. ಯೂಟ್ರೆಕ್ಟ್‌ನಲ್ಲಿ ನೆಲೆಸಿದ್ದ ಆಡಮ್ ವಿಲ್ಲಾರ್ಟ್ಸ್ ಹಡಗಿನ ಒಂದೊಂದು ಹಗ್ಗವನ್ನೂ ಎಣಿಸಿ ಬರೆದಂತೆ ತೋರುತ್ತದೆ; ಆದರೆ ಅದೇ ಹಡಗಿನ ಹಿಂದೆ ಕಡಿದಾದ ಬಂಡೆಗಳು ಎದ್ದು ನಿಲ್ಲುತ್ತವೆ. ಹಾಲೆಂಡಿನ ಕರಾವಳಿಯಾದರೋ ಮರಳ ದಿಬ್ಬಗಳ ಸಾಲು. ಹಡಗಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಕಲಾವಿದ ನೆಲದ ವಿಷಯದಲ್ಲಿ ಏಕೆ ಸಡಿಲಬಿಟ್ಟರು? ಇದನ್ನು ವಾಸ್ತವಿಕ ಚಿತ್ರಣವೆನ್ನಬಹುದೆ?

ಉತ್ತರ 1

ಅದನ್ನು ಸಡಿಲತನವೆನ್ನಲು ನನಗೆ ಮನಸ್ಸಾಗದು. ಈ ಪ್ರಕಾರಕ್ಕೆ ತಳಪಾಯ ಹಾಕಿದ ಹಾರ್ಲೆಮ್‌ನ ಹೆಂಡ್ರಿಕ್ ವ್ರೋಮ್, 1599ರಲ್ಲಿ ಈಸ್ಟ್ ಇಂಡೀಸಿನಿಂದ ಮಸಾಲೆ ಹೊತ್ತು ಆಮ್‌ಸ್ಟರ್‌ಡಾಮಿಗೆ ಮರಳಿದ ನಾಲ್ಕು ಹಡಗುಗಳನ್ನು ಚಿತ್ರಿಸಿದ್ದಾರೆ. ಅದು ಈಗ ಅಲ್ಲಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಇಂಥ ಚಿತ್ರದಲ್ಲಿ ಹಾಯಿಯೋ ಬಾವುಟವೋ ತಪ್ಪಿದ್ದರೆ, ಹಡಗಿಗೆ ಬಂಡವಾಳ ಹಾಕಿದ ವರ್ತಕನೇ ಬೆರಳಿಟ್ಟು ತೋರಿಸಬಲ್ಲವನಾಗಿದ್ದ. ದೂರದ ತೀರದ ಬಗ್ಗೆ ಅವನಿಂದ ಅಂಥ ತಕರಾರು ಬರುತ್ತಿರಲಿಲ್ಲ. ಬಂಡೆಗಳಿಗೆ ಮೂಲ ಬೇರೆಯೇ ಇದೆ: ಬೆಟ್ಟ, ಬಂಡೆ, ನದಿ, ಕಡಲುಗಳನ್ನೆಲ್ಲ ಎತ್ತರದಿಂದ ಕಂಡಂತೆ ಒಂದೇ ಹಲಗೆಯ ಮೇಲೆ ಹರಡುತ್ತಿದ್ದ ಪಾಟಿನೀರ್, ಬ್ರೂಗೆಲ್ ಅವರ 16ನೇ ಶತಮಾನದ ಫ್ಲೆಮಿಷ್ (ಇಂದಿನ ಬೆಲ್ಜಿಯಂ ಭಾಗದ) ಪರಂಪರೆ ಅದು.

ಉತ್ತರ 2

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಮುಂದೆ ಚಿತ್ರಗಳಿಂದ ಬಂಡೆಗಳು ಮರೆಯಾದೊಡನೆ, ಕಂಡದ್ದನ್ನು ಬೇಕಾದಂತೆ ಹೊಂದಿಸಿಕೊಳ್ಳುವ ರೂಢಿಯೂ ಮರೆಯಾಯಿತೆಂದು ಯಾರೂ ತಿಳಿಯಬಾರದು. 1632ರಲ್ಲಿ ತೀರಿಕೊಂಡ ಕಡಲಚಿತ್ರಕಾರ ಯಾನ್ ಪೋರ್ಸೆಲ್ಲಿಸ್ ದಿಗಂತವನ್ನು ಕೆಳಗಿಳಿಸಿ, ಚಿತ್ರದ ಬಹುಪಾಲನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ವ್ರೋಮ್ ಅವರ ಹಸಿರು ಕಡಲಿನ ಬದಲು ಬೂದು ಮತ್ತು ಕಂದು ಛಾಯೆಗಳಲ್ಲೇ ಗಾಳಿ, ತೇವ, ಮೋಡಗಳನ್ನು ಹಿಡಿದರು. ರೆಂಬ್ರಾಂಟ್ ಕೂಡ ಅವರ ಚಿತ್ರಗಳನ್ನು ಸಂಗ್ರಹಿಸಿದ್ದರು. ಪೋರ್ಸೆಲ್ಲಿಸ್ ಅವರ ಒಂದು ಚಿತ್ರವನ್ನು ಹತ್ತಿರದಿಂದ ನೋಡಿ. ಮುಂಭಾಗದ ನೀರಿನಲ್ಲಿ ಮೋಡದ ನೆರಳಿನಂಥ ಕಪ್ಪು ಪಟ್ಟಿ, ಅದರಾಚೆ ಬಿಸಿಲು ಬಿದ್ದ ಬಿಳಿಚು ಪಟ್ಟಿ, ಆ ಬೆಳಕಿಗೆ ಎದುರಾಗಿ ವಾಲಿದ ಮೀನುದೋಣಿ. ಆ ನೆರಳು ಚಿತ್ರದಿಂದ ಚಿತ್ರಕ್ಕೆ ಬೇಕಾದಲ್ಲೇ ಬೀಳುತ್ತದೆ, ಏಕೆಂದರೆ ಅದನ್ನು ಬೀಳಿಸಿದ್ದು ಚಿತ್ರಶಾಲೆಯಲ್ಲಿ. ವಿಲ್ಲಾರ್ಟ್ಸ್ ತೀರವನ್ನು ಕಲ್ಪಿಸಿದರು, ಪೋರ್ಸೆಲ್ಲಿಸ್ ಹವೆಯನ್ನು ಹೊಂದಿಸಿದರು. ಎರಡನೆಯದು ನಮ್ಮ ಕಣ್ಣಿಗೆ ರೂಢಿಯಾಗಿರುವುದರಿಂದ ಸಹಜವೆನಿಸುತ್ತದೆ, ಅಷ್ಟೆ.

ಉತ್ತರ 3

ಬಂಡೆಗಳನ್ನು ಪೂರ್ತಿಯಾಗಿ ಪರಂಪರೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ವ್ರೋಮ್ ತಾವು ಬರೆದ ಧಾರ್ಮಿಕ ಚಿತ್ರಗಳನ್ನು ಮಾರಲು ಸ್ಪೇನಿಗೆ ಹೊರಟಿದ್ದಾಗ ಹಡಗು ಪೋರ್ಚುಗಲ್ಲಿನ ಕರಾವಳಿಯ ಬಳಿ ಒಡೆಯಿತೆಂದೂ, ಬದುಕಿ ಉಳಿದ ಅವರು ಆ ಅಪಘಾತವನ್ನೇ ಚಿತ್ರಿಸಿದರೆಂದೂ ಚಿತ್ರಕಾರರ ಜೀವನಗಳನ್ನು ಬರೆದ ಕಾರೆಲ್ ಫಾನ್ ಮಾಂಡರ್ 1604ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಮರಮುಟ್ಟು ತರಲು ನಾರ್ವೆಗೆ ಹೋಗಿಬರುತ್ತಿದ್ದ ಡಚ್ ನಾವಿಕರಿಗೂ ಕಲ್ಲಿನ ಕರಾವಳಿ ಹೊಸದಾಗಿರಲಿಲ್ಲ. ಅದು ಹಾಲೆಂಡಿನ ನೆಲವಲ್ಲ, ನಿಜ. ಹಾಲೆಂಡಿನ ಹಡಗುಗಳು ಮುಟ್ಟಿಬಂದ ನೆಲ. ವಿಲ್ಲಾರ್ಟ್ಸ್ ತಮ್ಮ ತೀರಗಳಲ್ಲಿ ಸಣ್ಣ ಸಣ್ಣ ಜನರ ಗುಂಪನ್ನೂ ಸೇರಿಸುತ್ತಿದ್ದರು. ನಿಮ್ಮಲ್ಲಿರುವ ಪ್ರತಿಗಳಲ್ಲಿ ಬಂಡೆಯ ಬುಡದಲ್ಲಿ ನಿಂತವರು ಯಾವ ನಾಡಿನ ಉಡುಪು ತೊಟ್ಟಿದ್ದಾರೆಂದು ದಯವಿಟ್ಟು ನೋಡಿ ತಿಳಿಸಿರಿ.