ಲೇಸರ್ ಡಿಫ್ರಾಕ್ಷನ್: 0.5 ಮೈಕ್ರಾನ್ ಹತ್ತಿರ ಇಲ್ಲದ ಪೀಕ್ ಬರುತ್ತಿದೆ, ದಯವಿಟ್ಟು ಸಹಾಯ ಮಾಡಿ

ಪುಡಿಗಣ್ಣು:
ತಲೆ ಕೆಟ್ಟು ಹೋಗಿದೆ. ಕಣಗಳಿಂದ ಲೇಸರ್ ಬೆಳಕು ಯಾವ ಕೋನಕ್ಕೆ ಚದುರುತ್ತದೆ ಅಂತ ನೋಡಿ ಕಣದ ಅಳತೆಯ ನಕ್ಷೆ ಕೊಡುವ ಯಂತ್ರ ಇದು. ಪುಡಿಯನ್ನು ನೀರಲ್ಲಿ ಕಲಸಿ ಹಾಕಿದರೆ 30 ಮೈಕ್ರಾನ್ ಹತ್ತಿರ ದೊಡ್ಡ ಪೀಕ್ ಸರಿಯಾಗಿ ಬರುತ್ತದೆ. ಅದರ ಜೊತೆ 0.5ರ ಹತ್ತಿರ ಇನ್ನೊಂದು ಸಣ್ಣ ಗುಡ್ಡ. 20 ಮೈಕ್ರಾನ್ ಜರಡಿಯಲ್ಲಿ ನೀರು ಹಾಯಿಸಿ ನುಣುಪನ್ನೆಲ್ಲ (ತೀರಾ ಸಣ್ಣ ಕಣಗಳನ್ನು) ತೊಳೆದಿದ್ದೇನೆ. ಅದು ಎಲ್ಲಿಂದ ಬರುತ್ತಿದೆ?

ಹೊಳೆದಂಡೆ:
ಗಾಳಿಗುಳ್ಳೆ. ನೀರನ್ನು ಕುದಿಸಿ ಆರಿಸಿ ಹಾಕಿ, ಸ್ಟರರ್ ವೇಗ ಇಳಿಸಿ.

ಪುಡಿಗಣ್ಣು:
ಮಾಡಿದೆ ಸರ್. ಹಾಗೇ ಇದೆ.

ಹೊಳೆದಂಡೆ:
ಹಾಗಾದರೆ ಪೈಪಿನಲ್ಲಿ ಗುಳ್ಳೆ ಕೂತಿದೆ. ಬಿಸಿನೀರು ಬಿಟ್ಟು ತೊಳೆಯಿರಿ.

ಮಸೂರ:
ಗುಳ್ಳೆ ಆಗಿದ್ದರೆ ಸಾಮಾನ್ಯವಾಗಿ ದಪ್ಪ ಕಡೆ, 100 ಮೈಕ್ರಾನ್ ಆಚೆ ಕಾಣುತ್ತದೆ. ಅರ್ಧ ಮೈಕ್ರಾನಿನಲ್ಲಿ ಅಲ್ಲ. ಬಿಸಿನೀರಂತೂ ಬೇಡವೇ ಬೇಡ. ಸೆಲ್ (ಲೇಸರ್ ಹಾಯುವ ಗಾಜಿನ ಕೋಶ) ಒಳಗೆ ತಾಪಮಾನ ಏರುಪೇರಾದರೆ ಲೇಸರ್ ಕಿರಣವೇ ಬಾಗಿ, ದಪ್ಪ ಕಣ ಇದ್ದಂತೆ ತೋರಿಸುತ್ತದೆ. ಪುಡಿಗಣ್ಣು ಅವರೇ, ಪುಡಿ ಯಾವುದು? ಲೆಕ್ಕಕ್ಕೆ ಹಾಕಿರುವ ಮಾಡೆಲ್ ಯಾವುದು?

ಹೊಳೆದಂಡೆ:
ಸೋನಿಕೇಟರ್ (ಶಬ್ದದಲೆಯಿಂದ ಗಂಟು ಒಡೆಯುವ ಸಾಧನ) ಹಾಕಿದ್ದರೆ ಗುಳ್ಳೆ ಬಂದೇ ಬರುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಮಸೂರ:
ಸೋನಿಕೇಟರ್ ಹಾಕಿದ್ದಾರೆ ಅಂತ ಅವರು ಎಲ್ಲಿ ಹೇಳಿದ್ದಾರೆ?

ಪುಡಿಗಣ್ಣು:
ಗಾಜಿನ ಪುಡಿ, ಕಿಟಕಿ ಗಾಜು ಅರೆದದ್ದು. ಮೆನುವಿನಲ್ಲಿ ಫ್ರಾನ್‌ಹೋಫರ್ ಇದೆ. ಮೊದಲಿನಿಂದಲೂ ಹಾಗೇ ಇದೆ.

ಮಸೂರ:
ಇಲ್ಲೇ ಇದೆ ನೋಡಿ! ಫ್ರಾನ್‌ಹೋಫರ್ ಲೆಕ್ಕದಲ್ಲಿ ಕಣ ಅಂದರೆ ಬೆಳಕು ತೂರದ ಕಪ್ಪು ಬಿಲ್ಲೆ. ನಿಮ್ಮ ಗಾಜಿನೊಳಗೆ ಬೆಳಕು ತೂರಿ, ಬಾಗಿ, ಅಗಲ ಕೋನಗಳಿಗೆ ಹೋಗುತ್ತದೆ. ಅಗಲ ಕೋನದಲ್ಲಿ ಬೆಳಕು ಬಿದ್ದರೆ ಆ ಮಾಡೆಲ್ ಅದನ್ನು ಸಣ್ಣ ಕಣ ಅಂತಲೇ ಎಣಿಸುತ್ತದೆ. ಕಣದೊಳಗೆ ತೂರುವ ಬೆಳಕನ್ನೂ ಲೆಕ್ಕಕ್ಕೆ ಹಿಡಿಯುವ ಮೀ ಮಾಡೆಲ್‌ಗೆ ಬದಲಾಯಿಸಿ: ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಂಕಿ) ಗಾಜಿಗೆ 1.52, ನೀರಿಗೆ 1.33, ಅಬ್ಸಾರ್ಪ್ಷನ್ (ಕಣ ಬೆಳಕು ಹೀರುವ ಪ್ರಮಾಣ) 0.01. ಆಬ್‌ಸ್ಕ್ಯುರೇಶನ್ (ಪುಡಿ ತಡೆಯುವ ಲೇಸರ್ ಬೆಳಕಿನ ಪಾಲು) ಎಷ್ಟಿದೆ ಅಂತಲೂ ನೋಡಿ. ಜಾಸ್ತಿ ಇದ್ದರೆ ಒಂದು ಕಣದಿಂದ ಚದುರಿದ ಬೆಳಕು ಇನ್ನೊಂದಕ್ಕೆ ಬಡಿದು ಮತ್ತೆ ಸುಳ್ಳು ನುಣುಪು ತೋರಿಸುತ್ತದೆ.

ಬೆಳಕುಗಾರ:
ಇದಕ್ಕೆಲ್ಲ ಅಷ್ಟು ದೊಡ್ಡ ಯಂತ್ರ ಯಾಕೆ? ನಾನು 650 ನ್ಯಾನೋಮೀಟರ್ ಲೇಸರ್ ಪಾಯಿಂಟರ್, ಒಂದು ಗಾಜಿನ ತೊಟ್ಟಿ, 2 ಮೀಟರ್ ದೂರ ಬಿಳಿ ಗೋಡೆ ಇಟ್ಟುಕೊಂಡಿದ್ದೇನೆ. 30 ಮೈಕ್ರಾನ್ ಕಣಕ್ಕೆ ಮೊದಲ ಕಪ್ಪು ಉಂಗುರದ ತ್ರಿಜ್ಯ ಸುಮಾರು 5 ಸೆಂ.ಮೀ. ಬರುತ್ತದೆ. ಈಗ ನೀಲಿ ಲೇಸರ್ ಕೂಡ ಜೋಡಿಸಿದ್ದೇನೆ. ಫೋಟೋ ಹಾಕಲಾ?

ಮಸೂರ:
ಚೆನ್ನಾಗಿದೆ ಅಣ್ಣ, ಆದರೆ ಎಲ್ಲ ಕಣ ಒಂದೇ ಅಳತೆ ಇದ್ದರೆ ಮಾತ್ರ ಉಂಗುರ ಸ್ಪಷ್ಟ. ಅರೆದ ಪುಡಿಗೆ ಕಲಸಿ ಹೋಗುತ್ತದೆ. ಫೋಟೋ ಬೇರೆ ಥ್ರೆಡ್‌ನಲ್ಲಿ ಹಾಕಿ.

ಪುಡಿಗಣ್ಣು:
ಮೀಗೆ ಬದಲಾಯಿಸಿದೆ, ಸಣ್ಣ ಗುಡ್ಡ ಪೂರ್ತಿ ಹೋಯಿತು! ಆಬ್‌ಸ್ಕ್ಯುರೇಶನ್ 10%. ಅಬ್ಸಾರ್ಪ್ಷನ್ ಸೊನ್ನೆ ಮಾಡಿದರೆ ಮಾತ್ರ ಸಣ್ಣ ಬಾಲ ಕಾಣುತ್ತದೆ. ಈಗ ಯಾವುದನ್ನು ನಂಬಲಿ?

ಹೊಳೆದಂಡೆ:
ಗಾಜು ಪಾರದರ್ಶಕ, ಸೊನ್ನೆಯೇ ಸರಿ. ಬಾಲ ಗುಳ್ಳೆಯದು.

ಮಸೂರ:
ಮೀ ಲೆಕ್ಕ ನುಣ್ಣನೆ ಗೋಲಿಗೆ. ಅರೆದ ಗಾಜು ಒರಟು, ಮೂಲೆಮೂಲೆ. ಅದಕ್ಕೇ ಸ್ವಲ್ಪ ಅಬ್ಸಾರ್ಪ್ಷನ್ ಕೊಡುವುದು. ಪುಡಿಗಣ್ಣು ಅವರೇ, ಸುಮ್ನೆ ಒಂದು ಲೋಟದಲ್ಲಿ ಕಲಸಿ ಒಂದು ಗಂಟೆ ಅಲುಗಾಡಿಸದೆ ಇಡಿ. 30 ಮೈಕ್ರಾನ್ ಗಾಜು ಒಂದೆರಡು ನಿಮಿಷದಲ್ಲಿ 5 ಸೆಂ.ಮೀ. ಇಳಿದುಬಿಡುತ್ತದೆ. 0.5 ಮೈಕ್ರಾನಿನದು ಗಂಟೆಗೆ ಒಂದು ಮಿ.ಮೀ. ಕೂಡ ಇಳಿಯುವುದಿಲ್ಲ. ಮೇಲಿನ ನೀರು ತಿಳಿಯಾಗಿದ್ದರೆ ಬಾಲ ಸುಳ್ಳು, ಹಾಲಿನ ಹಾಗಿದ್ದರೆ ನುಣುಪು ನಿಜ.

ಹೊಳೆದಂಡೆ:
ನಲ್ಲಿನೀರು ಬೇಡ, ಅದರಲ್ಲಿನ ಉಪ್ಪಿಗೆ ನುಣುಪು ಗಂಟುಕಟ್ಟಿ ಬೇಗ ಇಳಿದುಬಿಡುತ್ತದೆ.

ಮಸೂರ:
ಈ ಮಾತು ಒಪ್ಪಿದೆ. ಡಿಸ್ಟಿಲ್ಡ್ ನೀರೇ ಹಾಕಿ.

ಪುಡಿಗಣ್ಣು:
ಲೋಟ ಇಟ್ಟಿದ್ದೇನೆ. ಬೆಳಕುಗಾರ ಅವರೇ, ಮೇಲಿನ ನೀರಿಗೆ ನಿಮ್ಮ ಪಾಯಿಂಟರ್ ಹಾಯಿಸಿದರೆ ಸಾಕಾಗುತ್ತದಾ?

ಬೆಳಕುಗಾರ:
ಸಾಕು, ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ನೋಡಿ. ಕಣ ಇದ್ದರೆ ಕಿರಣದ ದಾರಿ ಕಾಣುತ್ತದೆ. ಪಕ್ಕದಲ್ಲೇ ಬರಿ ಡಿಸ್ಟಿಲ್ಡ್ ನೀರಿನ ಲೋಟವೂ ಇಟ್ಟುಕೊಳ್ಳಿ, ಹೋಲಿಸಲು. ನನ್ನ ನೀಲಿ ಲೇಸರ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.